ಊರ ಹಲ್ಲು

ನಮ್ಮೂರು ವಾಲುತ್ತೆ. ಬೆಳಿಗ್ಗೆ ಮೂಡಲಿಗೆ, ಮಧ್ಯಾಹ್ನ ದಾಟಿದ ಮೇಲೆ ಪಡುವಲಿಗೆ. ನಡುವೆ ಊಟದ ಹೊತ್ತಿಗೆ ಒಂದಿಷ್ಟು ಹೊತ್ತು ಮಟ್ಟವಾಗಿರುತ್ತೆ, ಆಗ ಎಲ್ಲರ ಮನೆಯಲ್ಲೂ ಸಾರು ಬಡಿಸುತ್ತಾರೆ. ಬೇರೆ ಹೊತ್ತಲ್ಲಿ ಬಡಿಸಿದರೆ ಸಾರು ತಟ್ಟೆಯ ಒಂದು ಮೂಲೆಗೆ ಹೋಗಿ ಕೂರುತ್ತೆ, ಅನ್ನ ಇನ್ನೊಂದು ಮೂಲೆಯಲ್ಲಿ ಒಣಗುತ್ತೆ. ಮದುವೆ, ನಾಮಕರಣ, ಮಕ್ಕಳ ಗೋಲಿಯಾಟ, ಎಲ್ಲಾ ಆ ಮಟ್ಟದ ಹೊತ್ತಿನಲ್ಲೇ ಮುಗಿಯಬೇಕು. ಮಂಚದ ಕಾಲುಗಳನ್ನು ಗೋಡೆಗೆ ಕಟ್ಟಿರುತ್ತೇವೆ. ಇದರಲ್ಲಿ ಹೇಳಿಕೊಳ್ಳೋ ವಿಶೇಷ ಏನೂ ಇಲ್ಲ. ಒಂದೂರಲ್ಲಿ ಸೊಳ್ಳೆ ಜಾಸ್ತಿ, ಇನ್ನೊಂದೂರಲ್ಲಿ ನೀರು ಸವಳು, ನಮ್ಮೂರು ವಾಲುತ್ತೆ.

ನನ್ನ ಹೆಸರು ದಾಕ್ಷಾಯಣಿ. ಹೆಂಗಸರಿಗೆ ಕಾರು ಓಡಿಸೋದು ಕಲಿಸುತ್ತೇನೆ. ಇದನ್ನು ಕೇಳಿ ನಗೋರು ಮೊದಲು ನಕ್ಕುಬಿಡಿ, ಆಮೇಲೆ ಹೇಳುತ್ತೇನೆ. ಊರಿನವರೂ ಹಾಗೇ ನಕ್ಕರು. ನಕ್ಕವರ ಮನೆಯ ಸೊಸೆಯಂದಿರೇ ಆಮೇಲೆ ನನ್ನ ಬಳಿ ಬಂದು ಸ್ಟೇರಿಂಗ್ ಹಿಡಿದರು. ಮೊದಲು ನನ್ನ ಹತ್ತಿರ ತಂದೆ ಕಾಲದ ಜೀಪಿತ್ತು. ಅದು ಕೈಕೊಟ್ಟ ಮೇಲೆ ನಮ್ಮನೆಯವರನ್ನು ಕರೆದುಕೊಂಡು ಕೆಳಗಿನ ಬಯಲು ಸೀಮೆಗೆ ಹೋಗಿ ಒಂದು ಹಳೇ ಬಿಳಿ ಕಾರು ತಂದೆ. ಬಾಗಿಲು ಮುಚ್ಚಿದರೆ ಡಬ್ಬದ ಸದ್ದು ಬರುತ್ತೆ, ಕಿಟಕಿ ಇಳಿಸೋಕೆ ಕೈಯಿಂದ ಗಾಜನ್ನೂ ಸ್ವಲ್ಪ ಒತ್ತಬೇಕು. ಆದರೆ ಇಂಜಿನ್ನು ಚಿನ್ನ. ನಮ್ಮನೆಯವರು ಟೈಲರು, ವಾಲುವ ಊರಲ್ಲಿ ನೆಟ್ಟಗೆ ಹೊಲಿಗೆ ಹಾಕುವ ಮನುಷ್ಯ. ಬಾಯಿ ಮಾತ್ರ ಕಮ್ಮಿ. ನಾನು ಏನೇ ಅಂದರೂ "ಸುಮ್ನಿರೇ" ಅನ್ನೋದೇ ಅವರ ಉತ್ತರ. ದಾರಿಯುದ್ದಕ್ಕೂ ನಾನೇ ಓಡಿಸಿಕೊಂಡು ಬಂದೆ, ಅವರು ಪಕ್ಕದಲ್ಲಿ ಕೂತು "ಸುಮ್ನಿರೇ, ನಿಧಾನ" ಅಂತ ಜಪ ಮಾಡಿಕೊಂಡು ಬಂದರು.

ಊರ ಬಾಗಿಲಿಗೆ ಬಂದಾಗ ಕೊಟ್ರಯ್ಯನವರು ಕಾಯುತ್ತಿದ್ದರು. ಅವರು ಇಳಿಜಾರು ಸಮಿತಿಯ ಯಜಮಾನರು. ಊರಿಗೆ ಯಾವ ಹೊಸ ಗಾಡಿ ಬಂದರೂ ಅವರೇ ಬಂದು ಹಲ್ಲೆತ್ತುವ ಶಾಸ್ತ್ರ ಮಾಡಬೇಕು. ಅಲ್ಲಿವರೆಗೂ ಗಾಡಿಯ ಹ್ಯಾಂಡ್ ಬ್ರೇಕನ್ನು ನಾವು ಮುಟ್ಟುವಂತಿಲ್ಲ. ಹ್ಯಾಂಡ್ ಬ್ರೇಕಿನ ಹಿಡಿಕೆ ಎಳೆದರೆ ಕಟ್ ಕಟ್ ಅಂತ ಒಂದೊಂದೇ ಹಲ್ಲು ಮೇಲೆ ಬರುತ್ತಲ್ಲ, ಅದರಲ್ಲಿ ಮೊದಲನೇ ಹಲ್ಲು ಊರಿಗೆ ಸೇರಿದ್ದು. ಗಾಡಿ ನಿಲ್ಲಿಸುವಾಗ ಪೂರ್ತಿ ಎಳೆಯಬೇಕು, ಹೊರಡುವಾಗ ಬಿಡಬೇಕು. ಆದರೆ ಒಂದು ಹಲ್ಲು ಯಾವತ್ತೂ ಇಳಿಸುವಂತಿಲ್ಲ. ಓಡುವಾಗಲೂ ಅದು ಎತ್ತಿಯೇ ಇರಬೇಕು. ಅದನ್ನೂ ಇಳಿಸಿದವನ ಗಾಡಿಯನ್ನು ಊರು ತನ್ನ ಕಡೆಗೆ ಎಳೆದುಕೊಳ್ಳುತ್ತೆ ಅಂತ ನಮ್ಮಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆ ಒಂದು ಹಲ್ಲು ಸುಮ್ಮನೆ ಲೆಕ್ಕಕ್ಕಿರಬಾರದು, ಕಚ್ಚಬೇಕು ಅಂತ ಮೆಕ್ಯಾನಿಕ್ಕುಗಳು ಕೇಬಲ್ಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಕೊಟ್ರಯ್ಯನವರು ಕಾಯಿ ಒಡೆದು, ಕಿಟಕಿಯಲ್ಲಿ ಕೈ ತೂರಿಸಿ, ಕಣ್ಣು ಮುಚ್ಚಿ ಒಂದು ಹಲ್ಲು ಎತ್ತಿದರು. "ಇನ್ನು ನಿನ್ನ ಗಾಡಿ ನಮ್ಮೂರಿನದಾಯ್ತು ತಂಗಿ" ಅಂದರು. ಮೆಕ್ಯಾನಿಕ್ ಇಮಾಂಸಾಬಿ ಅಲ್ಲೇ ಕಾರಿನ ಕೆಳಗೆ ತೂರಿ ಕೇಬಲ್ ಬಿಗಿ ಮಾಡಿದ.

ಮನೆ ಮುಂದೆ ನಿಲ್ಲಿಸಿ ಇಳಿಯುವಾಗ ನೋಡಿದೆ, ಮೀಟರಿನ ಪಕ್ಕ ಒಂದು ಕೆಂಪು ದೀಪ ಉರಿಯುತ್ತಿತ್ತು. ದುಂಡಗೆ, ಒಳಗೊಂದು ಆಶ್ಚರ್ಯದ ಗುರುತು. ಬ್ರೇಕಿನ ದೀಪ ಅಂತ ಹೆಸರು ಕೇಳಿದ್ದೆ ಅಷ್ಟೆ, ಉರಿಯೋದನ್ನು ಕಣ್ಣಾರೆ ಕಂಡಿರಲಿಲ್ಲ. ನನ್ನ ಜೀಪಿನಲ್ಲಿ ಆ ಜಾಗದಲ್ಲಿ ಬರೀ ತೂತಿತ್ತು. ಊರಿನ ಯಾವ ಗಾಡಿಯಲ್ಲೂ ಅದು ಉರಿದಿದ್ದು ಯಾರೂ ನೋಡಿಲ್ಲ. ನಮ್ಮಲ್ಲಿ ಒಂದು ಕಾನೂನಿದೆ. ಕೆಂಪು ದೀಪ ಉರಿಯುವ ಗಾಡಿ ಕಣ್ಣಿಗೆ ಬಿದ್ದರೆ ಅಮಾವಾಸ್ಯೆಯೊಳಗೆ ದೀಪ ಆರಬೇಕು. ಆರದಿದ್ದರೆ ಅಮಾವಾಸ್ಯೆ ದಿನ ಇಳಿಹೊತ್ತು, ಊರು ಪಡುವಲಿಗೆ ವಾಲಿದಾಗ, ಗಾಡಿಯನ್ನು ಪಡುವಲ ತುದಿಯಲ್ಲಿ ಪ್ರಪಾತಕ್ಕೆ ಅಡ್ಡ ಕಟ್ಟಿದ ಅಂಚುಕಟ್ಟೆಯಿಂದ ಕೆಳಗೆ ತಳ್ಳಬೇಕು. ಬ್ರೇಕಿಲ್ಲದ ಗಾಡಿ ವಾಲುವ ಊರಲ್ಲಿ ಇರಬಾರದು, ಅದೇನೋ ಸರಿಯಾದ ಮಾತೇ.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ನಾನು ಕೀ ತಿರುಗಿಸಿ ನೋಡುತ್ತಿದ್ದಾಗ ಎದುರುಮನೆಯವರು ಸಂಜೆಗತ್ತಲಲ್ಲಿ ಕೆಂಪು ಬೆಳಕು ಕಂಡರು. ಬೆಳಗಾಗೋ ಅಷ್ಟರಲ್ಲಿ ಊರೆಲ್ಲಾ ಟಾಂಟಾಂ. ಕೊಟ್ರಯ್ಯನವರು ಮನೆಗೇ ಬಂದು, ಚಾ ಬೇಡ ಅಂತ, ನಿಂತುಕೊಂಡೇ ಹೇಳಿದರು. "ದಾಕ್ಷಾಯಣಮ್ಮ, ಅಮಾವಾಸ್ಯೆವರೆಗೂ ಟೈಮಿದೆ. ಆರಿಸ್ಕೋ. ಅಲ್ಲಿವರೆಗೂ ಕ್ಲಾಸು ಗೀಸು ಏನೂ ಬೇಡ. ಹೆಣ್ಣುಮಕ್ಕಳನ್ನ ಕೂರಿಸ್ಕೊಂಡು ಹೋಗಿ ಏನಾದ್ರೂ ಆದ್ರೆ ಯಾರು ಹೊಣೆ?"

"ಹೊಣೆ ನಾನೇ. ಅದಕ್ಕೇ ಏನಾಗಿದೆ ಅಂತ ನೋಡ್ತಿದೀನಿ" ಅಂದೆ. ಒಳಗಿನಿಂದ "ಸುಮ್ನಿರೇ" ಅಂತ ದನಿ ಬಂತು.

ನಾನು ಕಾರು ತಗೊಂಡು ಇಮಾಂಸಾಬಿಯ ಶೆಡ್ಡಿಗೆ ಹೋದೆ. ಇಮಾಂಸಾಬಿ ಊರಿನ ಎಲ್ಲಾ ಗಾಡಿಗಳ ಹೊಟ್ಟೆ ಬಗೆದವನು. ದೀಪ ನೋಡಿ ಅವನಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ನಕ್ಕ. "ಅಕ್ಕಾ, ಇದಕ್ಕಾ ಇಷ್ಟು ತಲೆ ಕೆಡಿಸ್ಕೊಂಡಿದೀಯಾ? ಐದು ನಿಮಿಷದ ಕೆಲಸ. ಬಲ್ಬು ಕಿತ್ತು ಬಿಸಾಕ್ತೀನಿ."

"ಕಿತ್ತು?"

"ಮತ್ತೆ? ಊರಿನ ಎಲ್ಲಾ ಗಾಡೀಲೂ ನಮ್ಮಪ್ಪ ಕಿತ್ತಿದ್ದು, ಆಮೇಲೆ ನಾನು ಕಿತ್ತಿದ್ದು. ಹೊಸ ಗಾಡಿ ಬಂದ್ರೆ ಕೇಬಲ್ ಬಿಗಿ ಮಾಡೋದು, ಬಲ್ಬು ಕೀಳೋದು. ನಿನ್ನ ಗಾಡೀದು ಕೀಳೋಣ ಅಂದ್ರೆ ನೀನು ಬಾಗಿಲಿನಿಂದ ನೆಟ್ಟಗೆ ಮನೆಗೆ ಓಡಿಸ್ಬಿಟ್ಟೆ. ಕಾನೂನಿರೋದು ದೀಪ ಉರೀಬಾರದು ಅಂತ. ಉರಿಯಲ್ಲ, ಮುಗೀತು."

ನನಗೆ ಮೈಯೆಲ್ಲಾ ಉರಿದುಹೋಯಿತು. ಇಡೀ ಊರಿನ ಗಾಡಿಗಳೆಲ್ಲಾ ಬಾಯಿ ಹೊಲಿಸಿಕೊಂಡು ಓಡಾಡುತ್ತಿವೆ, ಅದೂ ನೆಟ್ಟಗಿರುವ ರಸ್ತೆಯಲ್ಲಲ್ಲ, ವಾಲುವ ರಸ್ತೆಯಲ್ಲಿ! "ಇಮಾಮಣ್ಣ, ದೀಪ ಏನೋ ಹೇಳ್ತಿದೆ. ಅದೇನು ಅಂತ ಗೊತ್ತಾಗೋವರೆಗೂ ಅದರ ಬಾಯಿ ಮುಚ್ಚಿಸಲ್ಲ. ನಾಳೆ ಯಾರದೋ ಮನೆ ಮಗಳನ್ನ ಈ ಸೀಟಲ್ಲಿ ಕೂರಿಸ್ತೀನಿ. ಅವಳಿಗೆ ಏನಂತ ಹೇಳ್ಲಿ? ದೀಪ ಇತ್ತಮ್ಮ, ಕಿತ್ತೆಸೆದ್ವಿ ಅಂತನಾ?"

"ಅಕ್ಕ, ಹಠ ಮಾಡಬೇಡ. ಕಾರು ಹೋಗುತ್ತೆ."

"ಹೋದ್ರೆ ಹೋಗ್ಲಿ. ಸುಳ್ಳು ಕಾರು ಇಟ್ಕೊಂಡು ನಾನೇನು ಮಾಡ್ಲಿ?"

ಹೋದರೆ ಹೋಗಲಿ ಅಂತ ಬಾಯಲ್ಲಿ ಅಂದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಕಾರು ಹೋದರೆ ಇನ್ನೊಂದು ಕಾರು ತರುವ ಶಕ್ತಿ ನನಗಿಲ್ಲ. ಕ್ಲಾಸು ಅಲ್ಲಿಗೆ ಮುಗಿಯಿತು. ದಾಕ್ಷಾಯಣಿಯ ಕಾರು ಅಂಚಿನಿಂದ ಬಿತ್ತು, ಹೆಂಗಸರಿಗೆ ಯಾಕೆ ಬೇಕಿತ್ತು ಅನ್ನುವ ಮಾತು ಊರಲ್ಲಿ ಮುಂದಿನ ತಲೆಮಾರಿನವರೆಗೂ ಉಳಿಯುತ್ತಿತ್ತು. ಆ ಮಾತಿಗೆ ಮಾತ್ರ ನಾನು ಜಾಗ ಕೊಡುವವಳಲ್ಲ.

ಮಾರನೇ ದಿನದಿಂದ ನಾನೇ ಹುಡುಕೋಕೆ ಶುರು ಮಾಡಿದೆ. ಕುಸುಮಾ ಜೊತೆಗಿದ್ದಳು. ಕುಸುಮಾ ನನ್ನ ಹೊಸ ವಿದ್ಯಾರ್ಥಿನಿ, ಬಯಲು ಸೀಮೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷವಾಗಿಲ್ಲ. ಊರು ವಾಲುವಾಗ ಈಗಲೂ ಗೋಡೆ ಹಿಡಿದುಕೊಂಡೇ ನಡೆಯುತ್ತಾಳೆ. ಕ್ಲಾಸು ನಿಂತಿದೆ, ಮನೆಗೆ ಹೋಗು ಅಂದರೆ, "ಮನೇಲಿ ಅತ್ತೆ ಇದ್ದಾರೆ ಮೇಡಂ, ಇಲ್ಲೇ ಇರ್ತೀನಿ" ಅಂದಳು.

ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿದೆವು. ಅದರ ಮೇಲೆ ಕೆಳಗೆರೆ, ಮೇಲ್ಗೆರೆ ಅಂತ ಎರಡು ಗೆರೆ ಇರುತ್ತೆ. ಊರು ವಾಲಿದಾಗ ಎಣ್ಣೆಯೂ ವಾಲುತ್ತೆ, ಅದಕ್ಕೇ ಮಟ್ಟದ ಹೊತ್ತಿಗೆ ಕಾದು ನೋಡಿದೆವು. ಮೇಲ್ಗೆರೆಗೆ ಹತ್ತಿರವೇ ಇತ್ತು. ಕಡಿಮೆಯಾಗಿಲ್ಲ. ಎಲ್ಲಾದರೂ ಸೋರುತ್ತಿದೆಯೋ ಅಂತ ಕಾರಿನ ಕೆಳಗೆ ನಮ್ಮನೆಯವರ ಅಂಗಡಿಯ ಬಿಳಿ ಬಟ್ಟೆ ತುಂಡುಗಳನ್ನು ಹಾಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಹನಿ ಇಲ್ಲ. "ಒಳ್ಳೇ ಲೈನಿಂಗ್ ಬಟ್ಟೆ ಹಾಳು ಮಾಡಿದ್ಯಲ್ಲೇ" ಅಂತ ನಮ್ಮನೆಯವರು ಗೊಣಗಿದರು. ಇಮಾಂಸಾಬಿಗೆ ದುಂಬಾಲು ಬಿದ್ದು ಚಕ್ರ ಬಿಚ್ಚಿಸಿದೆ. ಮುಂದಿನ ಪ್ಯಾಡುಗಳು ದಪ್ಪಗಿದ್ದವು. ಹಿಂದಿನ ಡ್ರಮ್ಮಿನ ಒಳಗಿನ ಶೂಗಳು ಮಾತ್ರ ಸವೆಯತೊಡಗಿದ್ದವು, ಡ್ರಮ್ಮು ನೀಲಿಗಟ್ಟಿತ್ತು. "ನಮ್ಮೂರಲ್ಲಿ ಹಿಂದಿನದು ಬೇಗ ಸುಡುತ್ತೆ, ಊರ ಗುಣ" ಅಂದ ಇಮಾಂಸಾಬಿ. ಹೊಸ ಶೂ ಹಾಕಿ, ಕರ್ರಗಾಗಿದ್ದ ಎಣ್ಣೆ ಚೆಲ್ಲಿ ಹೊಸದು ತುಂಬಿ, ಬ್ರೇಕಿನ ಪೈಪಿನೊಳಗಿನ ಗಾಳಿ ತೆಗೆದ. ಕೀ ತಿರುಗಿಸಿದೆ. ದೀಪ ಉರಿಯುತ್ತಲೇ ಇತ್ತು.

"ನೋಡಿದ್ಯಾ? ಬಲ್ಬು ಕೀಳ್ಲಾ?" ಅಂದ.

"ಕೈ ಹಚ್ಚಿದ್ರೆ ನೋಡು!"

ಡಬ್ಬಿಯ ಮುಚ್ಚಳಕ್ಕೊಂದು ವೈರು ಬರುತ್ತೆ. ಎಣ್ಣೆ ತಗ್ಗಿದರೆ ಒಳಗಿನ ತೇಲುಬಿರಡೆ ಕೆಳಗಿಳಿದು ದೀಪ ಹೊತ್ತಿಸೋದು ಅದರ ಕೆಲಸ. ಬಿರಡೆ ಕೆಟ್ಟಿರಬಹುದು ಅಂತ ಆ ವೈರನ್ನೇ ಕಿತ್ತು ನೋಡಿದೆ. ಆದರೂ ದೀಪ ಆರಲಿಲ್ಲ. ಅಂದರೆ ದೀಪ ಎಣ್ಣೆಯ ಮಾತು ಆಡುತ್ತಿಲ್ಲ. ಬೇರೇನೋ ಹೇಳುತ್ತಿದೆ. ಏನು? ನನಗೆ ತಲೆ ಕೆಟ್ಟುಹೋಯಿತು. ಅಮಾವಾಸ್ಯೆ ಬಾಗಿಲಿಗೆ ಬಂದು ನಿಂತಿತ್ತು.

ಅವತ್ತು ಮಟ್ಟದ ಹೊತ್ತಿನಲ್ಲಿ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆ ಅಂತ ಕುಸುಮಾಗೆ ಹೇಳಿ ನಾನು ಪಕ್ಕದಲ್ಲಿ ಕೂತೆ. ಅವಳು ಕ್ಲಚ್ ಒತ್ತಿ, ಗೇರ್ ಹಾಕಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿಕೆಯನ್ನು ಪೂರ್ತಿ ನೆಲಕ್ಕೆ ಇಳಿಸಿಬಿಟ್ಟಳು. ಒಂದು ಹಲ್ಲು ಕೂಡ ಉಳಿಸಲಿಲ್ಲ.

"ಅಯ್ಯೋ ನಿನ್ನ! ಏನು ಮಾಡ್ದೇ?" ಅಂತ ಕಿರುಚಿದೆ. ಕೈ ಚಾಚಿ ಹಿಡಿಕೆ ಎಳೆಯಬೇಕು ಅನ್ನುವಷ್ಟರಲ್ಲಿ ಅವಳ ಕಣ್ಣು ಮೀಟರಿನ ಮೇಲೆ ಬಿತ್ತು.

"ಮೇಡಂ, ದೀಪ ಹೋಯ್ತು."

ನೋಡಿದೆ. ಹೋಗಿತ್ತು. ಒಂದು ಹಲ್ಲು ಎತ್ತಿದೆ, ಕಟ್. ಹೊತ್ತಿತು. ಇಳಿಸಿದೆ. ಆರಿತು. ಎತ್ತಿದೆ, ಇಳಿಸಿದೆ, ಎತ್ತಿದೆ. ಹಿಡಿಕೆಯ ಬುಡದ ರಬ್ಬರು ಸರಿಸಿ ನೋಡಿದರೆ ಅಲ್ಲೊಂದು ಪುಟ್ಟ ಗುಂಡಿ. ಹಿಡಿಕೆ ಪೂರ್ತಿ ಇಳಿದರೆ ಅದು ಒತ್ತಿಕೊಳ್ಳುತ್ತೆ, ಒಂದು ಹಲ್ಲು ಎತ್ತಿದರೂ ಎದ್ದು ದೀಪ ಹೊತ್ತಿಸುತ್ತೆ. ದೀಪ ಹೇಳುತ್ತಿದ್ದದ್ದು ಇಷ್ಟೇ, ಬ್ರೇಕು ಹಿಡಿದಿದೆ, ಬಿಡು, ಬ್ರೇಕು ಹಿಡಿದಿದೆ, ಬಿಡು. ಊರಿಗೆ ಬಂದ ದಿನದಿಂದ ಪಾಪ ಅದು ಅದನ್ನೇ ಹೇಳುತ್ತಿತ್ತು.

"ನಮ್ಮ ಕಡೆ ಪೂರ್ತಿನೇ ಇಳಿಸೋದು ಮೇಡಂ" ಅಂದಳು ಕುಸುಮಾ, ಹೆದರಿಕೊಂಡು. "ಒಂದು ಹಲ್ಲು ಎತ್ತಿಟ್ಟು ಓಡಿಸಿದ್ರೆ ಹಿಂದಿನ ಚಕ್ರ ಸುಟ್ಟುಹೋಗುತ್ತೆ ಅಂತ ನಮ್ಮಪ್ಪ ಬೈತಿದ್ರು. ಇಲ್ಲಿ ಬಂದ ದಿನಾನೇ ನನಗೆ ಊರೆಲ್ಲಾ ಸುಟ್ಟ ವಾಸನೆ ಬಂತು. ಅತ್ತೇನ ಕೇಳಿದ್ರೆ ಅದು ಊರ ವಾಸನೆ, ರೂಢಿಯಾಗುತ್ತೆ ಅಂದ್ರು."

ನಾನು ಸೀಟಿನಲ್ಲಿ ಹಾಗೇ ಕೂತೆ. ನೀಲಿಗಟ್ಟಿದ ಡ್ರಮ್ಮು. ಬೇಗ ಸವೆಯುವ ಶೂಗಳು. ಕರ‍್ರಗಾಗುವ ಎಣ್ಣೆ. ಅಷ್ಟು ಬಿಸಿಯಾದರೆ ಎಣ್ಣೆ ಕುದಿಯುತ್ತೆ, ಎಣ್ಣೆ ಕುದ್ದರೆ ಪೆಡಲ್ಲು ಒತ್ತಿದರೂ ಹತ್ತಿ ಒತ್ತಿದ ಹಾಗೆ ಒಳಗೆ ಹೋಗುತ್ತೆ. ಆಗ ನನಗೆ ಮುರಿಗೆಪ್ಪ ನೆನಪಾದ. ಕೊಟ್ರಯ್ಯನವರ ಒಬ್ಬನೇ ತಮ್ಮ. ಪಡುವಲ ರಸ್ತೆಯಲ್ಲಿ ಇಳಿಯುತ್ತಾ ಇಳಿಯುತ್ತಾ, ಬ್ರೇಕು ಹತ್ತದೆ, ಅಂಚುಕಟ್ಟೆ ಹಾರಿ ಹೋದ. ಅವನು ಹಲ್ಲು ಇಳಿಸಿದ್ದ, ಅದಕ್ಕೇ ಊರು ಎಳೆದುಕೊಂಡಿತು ಅಂತ ಊರೆಲ್ಲಾ ಮಾತಾಡಿತು. ಅಣ್ಣನೂ ಅದನ್ನೇ ನಂಬಿದರು. ಶವದ ಮುಂದೆ ಕೂತು "ಯಾಕೋ ಇಳಿಸ್ದೆ, ಯಾಕೋ ಇಳಿಸ್ದೆ" ಅಂತ ಎದೆ ಬಡಿದುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಳಿಸಿರಲಿಲ್ಲ ಅವನು. ಇಳಿಸಿದ್ದರೆ ಬದುಕುತ್ತಿದ್ದ. ಇದು ನನಗೆ ಆಗ ಹೊಳೆಯಿತು.

ಇಮಾಂಸಾಬಿಗೆ ತೋರಿಸಿದೆ. ಅವನು ಗುಂಡಿಯನ್ನು ಬೆರಳಲ್ಲಿ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ಮುಖ ಬಿಳುಚಿಕೊಂಡು ಕೂತ. ಆಮೇಲೆ ಹೇಳಿದ. "ಅಕ್ಕ, ಯಾರಿಗೂ ಹೇಳಬೇಡ. ರಿಪೇರಿ ಆಯ್ತು ಅಂತ ಹೇಳೋಣ. ಅಂಚುಕಟ್ಟೆ ಹತ್ರ ಬಂದಾಗ ಮೆಲ್ಲಗೆ ಇಳಿಸ್ಕೋ, ಅವರು ದೀಪ ನೋಡ್ತಾರೆ, ಹೋಗ್ತಾರೆ. ಆಮೇಲೆ ನಾನು ಬಲ್ಬು ಕಿತ್ಕೊಡ್ತೀನಿ. ನಿನ್ನ ಕಾರು ನಿನಗುಳಿಯುತ್ತೆ."

"ಮಿಕ್ಕೋರ ಕಾರು?"

ಅವನು ರಬ್ಬರನ್ನು ಮತ್ತೆ ಹಿಡಿಕೆಯ ಬುಡಕ್ಕೆ ಸರಿಸಿದ.

"ಮೊದಲು ನನ್ನ ಕೇಬಲ್ ಸಡಿಲ ಮಾಡು ಇಮಾಮಣ್ಣ. ನಾಳೆ ನಾನು ಎಲ್ಲರ ಎದುರಿಗೇ ಇಳಿಸ್ತೀನಿ."

ಅಮಾವಾಸ್ಯೆ ದಿನ ಇಳಿಹೊತ್ತಿಗೆ ಪಡುವಲ ರಸ್ತೆಯ ತುದಿಯಲ್ಲಿ ಊರೇ ನೆರೆದಿತ್ತು. ಊರು ಆಗಲೇ ಚೆನ್ನಾಗಿ ವಾಲಿತ್ತು. ಎಲ್ಲರೂ ಒಂದು ಮೊಣಕಾಲು ಬಗ್ಗಿಸಿ ನಿಂತಿದ್ದರು, ನಮ್ಮೂರಲ್ಲಿ ಸಂಜೆ ನಿಲ್ಲುವುದೇ ಹಾಗೆ. ರಸ್ತೆ ಅಲ್ಲಿಂದ ಸುತ್ತಿ ಸುತ್ತಿ ಕೆಳಗೆ ಅಂಚುಕಟ್ಟೆವರೆಗೂ ಇಳಿಯುತ್ತೆ. ಅಂಚುಕಟ್ಟೆಯಲ್ಲಿ ಗಾಡಿ ತಳ್ಳುವುದಕ್ಕೆ ಅಂತಲೇ ಬಿಟ್ಟ ಬಾಯಿಯಿದೆ. ಕೊಟ್ರಯ್ಯನವರು ಮಲ್ಲಿಗೆ ಹೂವಿನಂಥ ಬಿಳಿ ಪಂಚೆ ಉಟ್ಟು ಬಂದಿದ್ದರು. ಕಿಟಕಿಯಲ್ಲಿ ಬಗ್ಗಿ ನೋಡಿದರು. ಊರ ಹಲ್ಲು ಎತ್ತಿತ್ತು, ದೀಪ ಉರಿಯುತ್ತಿತ್ತು.

"ಆರಿಲ್ವಲ್ಲ ತಂಗಿ" ಅಂದರು. ಅವರ ದನಿಯಲ್ಲಿ ಖುಷಿಯೇನೂ ಇರಲಿಲ್ಲ, ಅದನ್ನು ಹೇಳಲೇಬೇಕು. "ಇಳಿದುಬಿಡು. ಹುಡುಗರು ತಳ್ತಾರೆ."

"ಆರುತ್ತೆ, ನೋಡಿ" ಅಂದೆ. ಎಲ್ಲರಿಗೂ ಕಾಣುವ ಹಾಗೆ ಬಾಗಿಲು ತೆರೆದಿಟ್ಟು, ಕಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಇಟ್ಟು, ಹಿಡಿಕೆಯನ್ನು ಪೂರ್ತಿ ಇಳಿಸಿದೆ. ದೀಪ ಆರಿತು. ದೀಪವನ್ನು ಒಬ್ಬರೂ ನೋಡಲಿಲ್ಲ. ನೋಡಿದ್ದು ಹಿಡಿಕೆಯನ್ನು. ಹೆಂಗಸರು "ಶಿವಶಿವಾ" ಅಂದರು, ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಕೊಟ್ರಯ್ಯನವರ ಮುಖ ಕಪ್ಪಿಟ್ಟಿತು.

"ಎತ್ತು" ಅಂದರು.

"ಎತ್ತಲ್ಲ. ದೀಪ ಉರೀತಿದ್ದಿದ್ದೇ ಆ ಹಲ್ಲಿಗೆ. ಬ್ರೇಕು ಕೆಟ್ಟಿಲ್ಲ ಕೊಟ್ರಯ್ಯನೋರೇ, ನಾವು ಹಿಡ್ಕೊಂಡೇ ಓಡಿಸ್ತಿದೀವಿ, ಅದಕ್ಕೇ ಸುಡ್ತಿದೆ. ಈ ಊರಲ್ಲಿ ಬ್ರೇಕು ಹೋಗಿ ಬಿದ್ದ ಗಾಡಿಗಳೆಲ್ಲಾ ಹಾಗೇ ಬಿದ್ದಿದ್ದು. ಊರು ಯಾರನ್ನೂ ಎಳ್ಕೊಂಡಿಲ್ಲ."

"ಬಾಯಿಗೆ ಬಂದಂಗೆ ಮಾತಾಡಬೇಡ!"

"ಮಾತಾಡ್ತೀನಿ. ಮುರಿಗೆಪ್ಪ ಹಲ್ಲು ಇಳಿಸಿರಲಿಲ್ಲ."

ನನಗೇ ನನ್ನ ನಾಲಿಗೆ ಮೇಲೆ ಸಿಟ್ಟು ಬಂತು, ಆದರೆ ಆಡಿದ್ದು ನಿಜ, ನುಂಗುವಂತಿರಲಿಲ್ಲ. ಕೊಟ್ರಯ್ಯನವರು ಕಾರಿನ ಬಾಗಿಲು ಹಿಡಿದು ನಿಂತರು. ಆ ಕೈಯೇ ಮುರಿಗೆಪ್ಪನ ಕಾರಿಗೂ ಊರ ಬಾಗಿಲಲ್ಲಿ ಹಲ್ಲೆತ್ತಿದ್ದು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಸರಿ" ಅಂದರು, ಬಹಳ ಮೆಲ್ಲಗೆ. "ನಾನು ಕೆಳಗೆ ಹೋಗಿ ಅಂಚುಕಟ್ಟೆ ಬಾಯಲ್ಲಿ ನಿಲ್ತೀನಿ. ನೀನು ಹಲ್ಲಿಲ್ದೆ ಇಳ್ದು ಬಾ. ನನ್ನ ಮುಂದೆ ನಿಲ್ಸು. ನಿಂತ್ರೆ ನಿನ್ನ ಮಾತು ನಿಜ. ನಿಲ್ಲದೇ ಹೋದ್ರೆ ನಾನೂ ಅವನ ಹಿಂದೇ ಹೋಗ್ತೀನಿ, ಅಷ್ಟೇ ತಾನೇ?"

ಅವರು ತಮ್ಮ ಕಾರು ಹತ್ತಿ, ಹಲ್ಲೆತ್ತಿಯೇ ಇಟ್ಟುಕೊಂಡು, ರಸ್ತೆಯುದ್ದಕ್ಕೂ ಇಳಿದು ಹೋದರು. ಸುಟ್ಟ ವಾಸನೆ ನಮ್ಮ ಮೂಗಿಗೆ ಬಡಿಯಿತು. ಕೆಳಗೆ ಹೋಗಿ ಕಾರನ್ನು ಮೇಲ್ಮುಖವಾಗಿ ತಿರುಗಿಸಿ ಪಕ್ಕಕ್ಕೆ ನಿಲ್ಲಿಸಿದರು. ಬಿಳಿ ಪಂಚೆ ಆ ಬಾಯಲ್ಲಿ ಹೋಗಿ ನಿಂತಿದ್ದು ಮೇಲಿನಿಂದ ಕಂಡಿತು.

ನನ್ನ ಕಾರು ಹೋಗುತ್ತೆ ಅಂತ ತಯಾರಾಗಿ ಬಂದಿದ್ದೆ, ಇನ್ನೊಬ್ಬರ ಜೀವ ನನ್ನ ಕಾಲಿನ ಕೆಳಗೆ ಬರುತ್ತೆ ಅಂತ ಅಲ್ಲ. ಕುಸುಮಾ "ಮೇಡಂ, ಸೆಕೆಂಡ್ ಗೇರಲ್ಲಿ ಇಳೀರಿ" ಅಂದಳು. ನನಗೇ ಪಾಠ! ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು. ನಮ್ಮನೆಯವರು ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದು ಪಕ್ಕದಲ್ಲಿ ಕೂತರು.

"ನೀವ್ಯಾಕ್ರೀ ಬಂದ್ರಿ? ಇಳೀರಿ ಕೆಳಗೆ. ಏನಾದ್ರೂ ಆದ್ರೆ?"

"ಸುಮ್ನಿರೇ" ಅಂದರು. "ಓಡ್ಸು."

ಆ ಮನುಷ್ಯನನ್ನು ಇಷ್ಟು ವರ್ಷ ಏನೆಲ್ಲಾ ಅಂದಿದ್ದೇನೆ, ಅವತ್ತು ಒಂದು ಕ್ಷಣ ಕಣ್ಣು ಮಂಜಾಯಿತು. ಸೀರೆ ಸೆರಗಲ್ಲಿ ಕಣ್ಣೊರೆಸಿಕೊಂಡು ಸೆಕೆಂಡ್ ಗೇರ್ ಹಾಕಿದೆ. ಕಾಲನ್ನು ಬ್ರೇಕಿನಿಂದ ಎತ್ತಿದೆ.

ಕಾರು ಹೊರಟಿತು. ಹಲ್ಲಿಲ್ಲದೆ ಅದು ಎಷ್ಟು ಹಗುರವಾಗಿ ಓಡಿತು ಅಂದರೆ ನನಗೆ ಮೊದಲು ಭಯವೇ ಆಯಿತು. ಇಷ್ಟು ವರ್ಷ ನಾನು ಓಡಿಸಿದ ಗಾಡಿಗಳೆಲ್ಲಾ ಹಿಂದಿನಿಂದ ಯಾರೋ ಸೆರಗು ಹಿಡಿದ ಹಾಗೆ ಓಡಿದ್ದವು. ಇಂಜಿನ್ನು ಗುರ್ ಅಂತ ತಡೆಯುತ್ತಿತ್ತು, ತಿರುವಿನಲ್ಲಿ ಪೆಡಲ್ ಮೆಲ್ಲಗೆ ಒತ್ತಿದೆ, ಕಾರು ಮಾತು ಕೇಳಿತು. ಎರಡನೇ ತಿರುವು ದಾಟಿದ ಮೇಲೆ ನನಗೆ ಧೈರ್ಯ ಬಂತು, ಧೈರ್ಯದ ಜೊತೆ ಸಿಟ್ಟೂ ಬಂತು. ಎಷ್ಟು ಜನ ಈ ರಸ್ತೆಯಲ್ಲಿ ಸುಮ್ಮನೆ ಸತ್ತರಲ್ಲಾ ಅಂತ. ಕೊನೆಯ ನೇರ ಇಳಿಜಾರಿನಲ್ಲಿ ಬಿಳಿ ಪಂಚೆ ದೊಡ್ಡದಾಗುತ್ತಾ ಬಂತು. ಕೊಟ್ರಯ್ಯನವರು ಅಲುಗಾಡಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ನಮ್ಮನೆಯವರು ಮಾತ್ರ ಮುಚ್ಚಿದ್ದರು. ನಾನು ಬ್ರೇಕು ಒತ್ತಿದೆ. ಪೆಡಲ್ಲು ಗಟ್ಟಿಯಾಗಿ ನಿಂತಿತು, ಕಾರೂ ನಿಂತಿತು. ಅವರ ಪಂಚೆಗೂ ನನ್ನ ಬಂಪರಿಗೂ ನಡುವೆ ಇಬ್ಬರು ಕೂತು ಎಲೆ ಹಾಕಿ ಉಣ್ಣುವಷ್ಟು ಜಾಗವಿತ್ತು.

ಮೇಲಿನಿಂದ ಕೂಗು ಕೇಳಿಸಿತು. ಹಿಡಿಕೆ ಪೂರ್ತಿ ಎಳೆದು, ಗೇರು ಹಾಕಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ನಿಲ್ಲಿಸಿದ ಗಾಡಿಗೆ ಹಲ್ಲು ಬೇಕೇ ಬೇಕು, ಅದಕ್ಕೆ ನಾನೇನೂ ಬೇಡ ಅನ್ನುವವಳಲ್ಲ. ಕೊಟ್ರಯ್ಯನವರು ನನ್ನ ಕಾರಿನ ಹಿಂದಕ್ಕೆ ಬಂದು ಬಗ್ಗಿ, ಹಿಂದಿನ ಚಕ್ರದ ನಡುವೆ ಅಂಗೈ ಇಟ್ಟರು. ಬೆಚ್ಚಗಿತ್ತು ಅಷ್ಟೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಎದ್ದು ತಮ್ಮ ಕಾರಿನ ಹತ್ತಿರ ಹೋದರು. ಅದೇ ರಸ್ತೆಯಲ್ಲಿ ಇಳಿದು ಬಂದ ಕಾರು, ನಮಗಿಂತ ಮೊದಲೇ ಬಂದು ಆರುತ್ತಾ ನಿಂತಿದ್ದ ಕಾರು. ಅದರ ಹಿಂದಿನ ಚಕ್ರಕ್ಕೆ ಕೈ ಹಚ್ಚಿದರು. ಚುರ‍್ ಅಂತ ಸುಟ್ಟಿತು. ಕೈ ಹಿಂದಕ್ಕೆಳೆದು, ಅಂಗೈ ನೋಡಿಕೊಂಡರು. ನಂಬದವರ ಹಾಗೆ ಮತ್ತೊಮ್ಮೆ ಮುಟ್ಟಲು ಹೋದರು. ನಮ್ಮನೆಯವರು ಓಡಿಹೋಗಿ ಆ ಕೈ ಹಿಡಿದುಕೊಂಡರು. "ಬ್ಯಾಡ ಯಜಮಾನ್ರೇ, ಬ್ಯಾಡ."

ಕೊಟ್ರಯ್ಯನವರು ಅಲ್ಲೇ ಕುಸಿದು ಕೂತು ಅತ್ತರು. ಗಂಡಸರು ಜನರ ಮುಂದೆ ಅಳುವ ಹಾಗೆ ತಡೆದುಕೊಂಡು ಅಲ್ಲ, ಮನೆಯಲ್ಲಿ ಅಳುವ ಹಾಗೆ ಬಾಯಿ ಬಿಟ್ಟು ಅತ್ತರು. ನಾನು ಗೆದ್ದಿದ್ದೆ. ಗೆದ್ದರೆ ಏನೇನು ಅನ್ನಬೇಕು ಅಂತ ರಾತ್ರಿಯೆಲ್ಲಾ ಜೋಡಿಸಿ ಇಟ್ಟುಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಜನ ಮೇಲಿನಿಂದ ಇಳಿದು ಬಂದು ಸುತ್ತ ನಿಂತರು. ಸಮಿತಿಯವರೊಬ್ಬರು, "ಆದ್ರೂ ಒಂದು ಹಲ್ಲು ಇದ್ರೆ ಒಳ್ಳೇದಲ್ವಾ, ಹಿರೀಕರು ಮಾಡಿದ್ದು..." ಅಂತ ರಾಗ ಎಳೆದರು. ನಾನು ಅವರ ಕಡೆ ತಿರುಗಿ ನೋಡಿದೆ. ರಾಗ ನಿಂತಿತು.

ಕೊಟ್ರಯ್ಯನವರು ಎದ್ದು, ಮೂಗೊರೆಸಿಕೊಂಡು, ತಮ್ಮ ಕಾರಿನಲ್ಲಿ ಕೂತರು. ಹಿಡಿಕೆಯ ಮೇಲೆ ಕೈ ಇಟ್ಟರು. ಪೂರ್ತಿ ಎಳೆದಿದ್ದ ಹಲ್ಲುಗಳನ್ನು ಬಿಟ್ಟರು, ಊರ ಹಲ್ಲಿನ ಹತ್ತಿರ ಬಂದು ಕೈ ನಿಂತಿತು. ಮುಂದಕ್ಕೆ ಹೋಗಲೇ ಇಲ್ಲ.

"ದಾಕ್ಷಾಯಣಮ್ಮ" ಅಂದರು. "ನನ್ನ ಕೈಲಿ ಆಗ್ತಿಲ್ಲ ತಾಯಿ. ನೀನೇ ಇಳಿಸಿಕೊಡು."

ಊರೆಲ್ಲಾ ನನ್ನನ್ನು ನೋಡಿತು. ಇಳಿಸಿಕೊಡೋದು ಎಷ್ಟು ಸುಲಭವಿತ್ತು. ಕೈ ತೂರಿಸಿ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು, ಅಮ್ಮಾ ತಾಯಿ ಅನ್ನಿಸಿಕೊಂಡು ಮನೆಗೆ ಹೋಗಬಹುದಿತ್ತು. ನಾಳೆಯಿಂದ ಹಲ್ಲಿಳಿಸುವ ಶಾಸ್ತ್ರ ಅಂತ ಇನ್ನೊಂದು ಶುರುವಾಗುತ್ತಿತ್ತು, ಪ್ರತಿ ಗಾಡಿಗೂ ನನ್ನನ್ನೇ ಕರೆಯುತ್ತಿದ್ದರು, ಕಾಯಿ ಒಡೆಯುತ್ತಿದ್ದರು.

"ನಾನು ಇಳಿಸಲ್ಲ" ಅಂದೆ.

ಸುತ್ತ ಬಳಸಿ ಹೋಗಿ ಅವರ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ನಾನು ಕಲಿಸುವಾಗ ಕೂರುವ ಜಾಗ ಅದು. "ಕಾಲು ಬ್ರೇಕಿನ ಮೇಲಿಡಿ. ಇನ್ನೂ ಗಟ್ಟಿಯಾಗಿ. ಈ ಗಾಡೀನ ಹಿಡಿದಿರೋದು ನಿಮ್ಮ ಕಾಲು, ಈ ಹಿಡಿಕೆ ಅಲ್ಲ. ಗೊತ್ತಾಯ್ತಾ? ಗೊತ್ತಾಯ್ತು ಅನ್ನಿ."

"ಗೊತ್ತಾಯ್ತು."

"ಈಗ ಗುಂಡಿ ಒತ್ತಿ. ನಿಮ್ಮ ಕೈಯಾರೆ ಇಳಿಸಿ."

ಇಳಿಸಿದರು. ಸದ್ದೇ ಆಗಲಿಲ್ಲ. ಕಾರು ಒಂದಿಷ್ಟೂ ಹಿಂದಕ್ಕೆ ಸರಿಯಲಿಲ್ಲ, ಅವರ ಕಾಲು ಹಿಡಿದಿತ್ತು. "ಮುರಿಗೆಪ್ಪಾ" ಅಂದರು ಅವರು, ಪಕ್ಕದಲ್ಲಿ ಅವನೇ ಕೂತಿದ್ದಾನೆ ಅನ್ನೋ ಹಾಗೆ. "ನೀನು ಇಳಿಸಿರಲಿಲ್ಲ ಕಣೋ. ನನ್ನ ಮಾತು ಕೇಳಿದ್ದೆ ಕಣೋ ನೀನು."

ವಾಲಿದ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದವರನ್ನು ಹಾಗೇ ಬಿಡುವಂತಿಲ್ಲ.

"ಮುಂದೆ ನೋಡಿ ಕೊಟ್ರಯ್ಯನೋರೇ" ಅಂದೆ. "ಫಸ್ಟ್ ಗೇರ್ ಹಾಕಿ. ರಸ್ತೆ ನೋಡಿ."